ಮಾತು ಹೊತ್ತು ನಾಲ್ಕು ಊರು

ಧಾರವಾಡದಿಂದ ಬೆಳಗಾವಿಯ ದಾರಿ ಹಿಡಿದು ಹೊರಟಾಗ ನಮ್ಮ ಜೊತೆಯಲ್ಲಿದ್ದ ಮಿತ್ರರ ಕೈಯಲ್ಲಿ, ಇಂಗ್ಲಿಷ್ ನುಡಿಗಟ್ಟುಗಳನ್ನು ಗ್ರೀಕ್ ಭಾಷೆಗೆ ತಿರುಗಿಸುವ ಪುಸ್ತಕವೊಂದಿತ್ತು. ಇಂಗ್ಲಿಷರು ತಮಗೆ ತಿಳಿಯದ ಮಾತನ್ನು 'ಇದು ನನಗೆ ಗ್ರೀಕ್' ಎನ್ನುತ್ತಾರೆ. ಗ್ರೀಕರಾದರೋ ಅಂಥ ಮಾತಿಗೆ 'ಇದು ನನಗೆ ಚೀನೀ' ಎನ್ನುತ್ತಾರಂತೆ! ಇದನ್ನು ಕೇಳಿ ನಾವು ನಕ್ಕೆವು. ಆದರೆ ಕಿತ್ತೂರಿನ ಕೋಟೆಯೊಳಗೆ ಕಾಲಿಟ್ಟ ಮೇಲೆ ಆ ನಗೆ ಉಳಿಯಲಿಲ್ಲ.

1824ರಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜನು ಮಕ್ಕಳಿಲ್ಲದೆ ತೀರಿಕೊಂಡನು. ದತ್ತಕ ಪುತ್ರನನ್ನು ಕಂಪನಿ ಸರಕಾರವು ಒಪ್ಪಲಿಲ್ಲ. ನಮ್ಮ ಧರ್ಮಶಾಸ್ತ್ರದಲ್ಲಿ ದತ್ತಕನೆಂದರೆ ಮಗನೇ ಸರಿ. ಆದರೆ ಮುಂದೆ ಡಾಲ್ಹೌಸಿಯ ಕಾಲದಲ್ಲಿ ಹೆಸರಾದ 'ಲ್ಯಾಪ್ಸ್' ಎಂಬ ಮಾತಿನ ಮೂಲಾರ್ಥವು ಜಾರಿಬೀಳುವುದು. ಒಡೆಯನಿದ್ದ ರಾಜ್ಯವನ್ನು ಜಾರಿಬಿದ್ದ ವಸ್ತುವೆಂದು ಎತ್ತಿಕೊಳ್ಳುವುದು ಎಂಥ ಭಾಷಾಂತರ! ಅದೇ ವರ್ಷ ಅಕ್ಟೋಬರ್ 23ರಂದು ಇಲ್ಲಿ ನಡೆದ ಕದನದಲ್ಲಿ ಕಲೆಕ್ಟರ್ ಥ್ಯಾಕರೆ ಮಡಿದನು. ಡಿಸೆಂಬರಿನಲ್ಲಿ ಕೋಟೆಯು ಕಂಪನಿಯ ವಶವಾಯಿತು.

ಸೆರೆಯಾದ ರಾಣಿ ಚೆನ್ನಮ್ಮನು 1829ರಲ್ಲಿ ಬೈಲಹೊಂಗಲದಲ್ಲಿ ಕೊನೆಯುಸಿರೆಳೆದಳು. ಆಕೆಯ ಸಮಾಧಿಗೆ ಕೈಮುಗಿದು ನಿಂತಾಗ, ಮುದುಕಿಯೊಬ್ಬಳು ತನ್ನ ಪುಟ್ಟ ಮೊಮ್ಮಗಳನ್ನು 'ಬಾ ಯವ್ವಾ' ಎಂದು ಕರೆದಳು. ಇದನ್ನು 'ತಾಯಿ' ಎಂದು ಇಂಗ್ಲಿಷಿಗೆ ತಿರುಗಿಸಿದರೆ ಮಗುವು ಅಜ್ಜಿಗೆ ತಾಯಿಯಾದೀತು; 'ಮಗು' ಎಂದರೆ ಅಕ್ಕರೆಯೇ ಹಾರಿಹೋದೀತು. ಇದೇ ಊರಿನ ಸಂಗ್ಯಾನ ಕಥೆಯ ಲಾವಣಿಯನ್ನು, ಈ ಸೀಮೆಯ ಬೇರೆ ಲಾವಣಿಗಳೊಡನೆ, ಫ್ಲೀಟ್ ಸಾಹೇಬರು 19ನೆಯ ಶತಮಾನದ ಕೊನೆಯಲ್ಲಿ ಇಂಗ್ಲಿಷಿಗೆ ತಿರುಗಿಸಿದರು. ಅವರು ಪಟ್ಟ ಪಾಡು ನಮಗೆ ಅಂದು ಅರಿವಾಯಿತು.

ಸವದತ್ತಿಗೆ ಶಾಸನಗಳಲ್ಲಿ ಸುಗಂಧವರ್ತಿ ಎಂಬ ಹೆಸರು. ರಟ್ಟರ ರಾಜಧಾನಿಯಾಗಿದ್ದ ಊರಿದು. ಎಲ್ಲಮ್ಮನ ಗುಡ್ಡವನ್ನೇರುತ್ತಿರಲು ಭಂಡಾರದ ಹಳದಿಯೂ 'ಉಧೋ' ಎಂಬ ಘೋಷವೂ ನಮ್ಮನ್ನು ಮುತ್ತಿದವು. ಆಗ ಮಿತ್ರರು, "ಇಂಗ್ಲಿಷರು ನ್ಯೂಕ್ಯಾಸಲ್ಲಿಗೆ ಕಲ್ಲಿದ್ದಲು ಒಯ್ದರೆ ಗ್ರೀಕರು ಅಥೆನ್ಸಿಗೆ ಗೂಬೆ ಒಯ್ಯುತ್ತಾರೆ, ನಾವೋ?" ಎಂದು ಕೇಳಿದರು. "ಎಲ್ಲಮ್ಮನ ಗುಡ್ಡಕ್ಕೆ ಭಂಡಾರ" ಎಂದೆವು. ಗೂಬೆಯು ಅಥೆನ್ಸಿನ ಅಧಿದೇವತೆಯ ಹಕ್ಕಿ. ಅಲ್ಲಿಯ ದೇವತೆಗೆ ಇಲ್ಲಿಯ ದೇವತೆಯೇ ಸಾಟಿಯಲ್ಲವೇ? ಬಿ. ಎಂ. ಶ್ರೀಕಂಠಯ್ಯನವರು ಸೊಫೊಕ್ಲಿಸನ ಅಯಾಸನನ್ನು ಅಶ್ವತ್ಥಾಮನನ್ನಾಗಿ ಮಾಡಿದ್ದೂ ಇದೇ ಬಗೆಯಿಂದ. ಶಬ್ದಕ್ಕೆ ಶಬ್ದ ಕೊಡುವುದು ಸುಲಭ; ಮನೆಗೆ ಮನೆ ಹುಡುಕಿಕೊಡುವುದೇ ಕಷ್ಟ.

ಮಲಪ್ರಭೆಯ ನೆರೆಯ ರಾಮದುರ್ಗವು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೆ ಭಾವೆ ಮನೆತನದವರ ಸಂಸ್ಥಾನವಾಗಿತ್ತು. ಅಲ್ಲಿ ಪರಿಚಿತರೊಬ್ಬರ ಮನೆಯಲ್ಲಿ ರೊಟ್ಟಿಯುಂಡು ಹೊರಟೆವು. ಹೊಸ್ತಿಲು ದಾಟುವಾಗ ಮಿತ್ರರು ಮರೆತು, "ಹೋಗುತ್ತೇವೆ" ಎಂದುಬಿಟ್ಟರು. ಮನೆಯೊಡತಿಯ ಮುಖ ಬಾಡಿತು. "ಹಂಗನ್ನಬಾರದರಿ, ಹೋಗಿ ಬರತೀವಿ ಅನ್ರಿ" ಎಂದು ಆಕೆ ತಿದ್ದಿದಳು. ಮಿತ್ರರು ನಾಚಿ, ಹಾಗೆಯೇ ನುಡಿದರು.

ದಾರಿಯಲ್ಲಿ ಪುಸ್ತಕವನ್ನು ತಿರುವಿಹಾಕಿದ ಅವರಿಗೆ, ಮನೆಯಲ್ಲುಳಿಯುವ ಗ್ರೀಕರು ಹೊರಡುವವರಿಗೆ ಹೇಳುವ ಮಾತೊಂದು ಸಿಕ್ಕಿತು: 'ಸ್ತೊ ಕಲೊ'. ಒಳಿತಿನೆಡೆಗೆ ಎಂದು ಅದರ ಅರ್ಥ. ಅದರಲ್ಲಿ ಮರಳಿ ಬರುವ ಮಾತಿಲ್ಲ, ಆದರೂ ಹರಕೆಯುಂಟು. ಆ ತಾಯಿ ಇನ್ನೂ ಬಾಗಿಲಲ್ಲಿಯೇ ನಿಂತಿದ್ದಳು.