ಕರುವಿನ ಪಾಲು

ಕಾರ್ಕಳದ ಸಮೀಪದ ಹಳ್ಳಿಯೊಂದರ ಜೈನ ಮನೆಗೆ 2017ರಲ್ಲಿ ಒಂದು ಹಸು ಬಂದುದು ವ್ಯಾಪಾರದ ಉದ್ದೇಶದಿಂದಲ್ಲ. ಮನೆಯ ಹಿರಿಯ ಶ್ರಾವಿಕೆ ಕೊಂಡು ತಂದ ಹಾಲನ್ನು ಬಿಡುವ ನಿಯಮವನ್ನು ಸ್ವೀಕರಿಸಿದ್ದರು. ಕರೆದ ಹಾಲನ್ನು ಶುದ್ಧವಾದ ಬಟ್ಟೆಯಲ್ಲಿ ಸೋಸಿ, ಎರಡು ಘಳಿಗೆಯೊಳಗೆ, ಎಂದರೆ 48 ನಿಮಿಷಗಳೊಳಗೆ ಕಾಯಿಸಬೇಕೆಂಬುದು ವ್ರತಿಕರು ಪಾಲಿಸಿಕೊಂಡು ಬಂದ ಪದ್ಧತಿ. ಪೊಟ್ಟಣದ ಹಾಲಿನಲ್ಲಿ ಈ ನಿಯಮವನ್ನು ಕಾಣುವ ಬಗೆಯೆಂತು? ಹಟ್ಟಿಯಲ್ಲೇ ಹಸುವಿದ್ದರೆ ನಿಯಮವೂ ಉಳಿಯುತ್ತದೆ, ಊರ ಬಸದಿಯ ಅಭಿಷೇಕಕ್ಕೂ ಒಂದು ಚೆಂಬು ಹಾಲು ಸಲ್ಲುತ್ತದೆ ಎಂದು ಅವರು ಬಗೆದರು. ಮಗನು ಜರ್ಸಿ ಮಿಶ್ರತಳಿಯ ಗಬ್ಬದ ಹಸುವೊಂದನ್ನು ತಂದು ಕಟ್ಟಿದನು.

ಮೊದಲು ಹುಟ್ಟಿದ್ದು ಹೆಣ್ಣುಕರು. ಮನೆಮಂದಿಗೆಲ್ಲ ಸಂತೋಷವಾಯಿತು. ಹಸು ಮನೆಗೆ ಬಂದರೆ ಮನೆಯ ದಿನಚರಿಯೇ ಅದರ ಸುತ್ತ ತಿರುಗುತ್ತದೆಂಬುದೂ ಆಗಲೇ ತಿಳಿಯಿತು. ದಿನಕ್ಕೆರಡು ಹೊತ್ತು ಕರೆಯಬೇಕು. ಮದುವೆಯಿರಲಿ ಯಾತ್ರೆಯಿರಲಿ, ಒಬ್ಬರು ಮನೆಯಲ್ಲಿ ಉಳಿಯಲೇಬೇಕು. 2018ರ ಫೆಬ್ರವರಿಯಲ್ಲಿ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕಕ್ಕೆ ಆ ಕುಟುಂಬದವರು ಎರಡು ತಂಡವಾಗಿ ಹೋಗಿಬಂದರು.

ಅದೇ ವರ್ಷದ ಕೊನೆಯಲ್ಲಿ ಹುಟ್ಟಿದ್ದು ಗಂಡುಕರು. ಮೂರು ತಿಂಗಳು ತುಂಬುವಷ್ಟರಲ್ಲಿ ಒಬ್ಬನು ಬಂದು, ಉಳುಮೆಗೆ ಬೇಕೆಂದು ಹೇಳಿ, ಅದನ್ನು ಕೊಂಡೊಯ್ದನು. ಟಿಲ್ಲರು ಓಡುವ ಗದ್ದೆಗಳಲ್ಲಿ ಡುಬ್ಬವಿಲ್ಲದ ಮಿಶ್ರತಳಿಯ ಹೋರಿಗೆ ಯಾರೂ ನೊಗ ಕಟ್ಟುವುದಿಲ್ಲವೆಂಬುದು ಮನೆಯಲ್ಲಿ ಎಲ್ಲರಿಗೂ ತಿಳಿದಿತ್ತು. ಆದರೂ ಯಾರೂ ಕೇಳಲಿಲ್ಲ, ಕೇಳದಿರುವುದೇ ಅನುಕೂಲವಾಗಿತ್ತು. ಹಸು ಮೂರು ದಿನ ಕೂಗಿತು, ಹಾಲನ್ನು ಇಳಿಸಲಿಲ್ಲ. ನಾಲ್ಕನೆಯ ದಿನ ಇಳಿಸಿತು. ಅಂದಿನ ಹಾಲನ್ನು ಆ ತಾಯಿ ಕುಡಿಯಲಾರದೆ ಹೋದರು. ನಿಯಮಶುದ್ಧವಾದ ಹಾಲೇ ಅದು. ಸೋಸಿದ್ದು, ಹೊತ್ತಿಗೆ ಸರಿಯಾಗಿ ಕಾಯಿಸಿದ್ದು.

2019ರ ಭಾದ್ರಪದದಲ್ಲಿ ದಶಲಕ್ಷಣ ಪರ್ವ ಬಂದಿತು. ಪರ್ವದ ಹತ್ತು ದಿನಗಳಲ್ಲಿ ತತ್ತ್ವಾರ್ಥಸೂತ್ರದ ಹತ್ತು ಅಧ್ಯಾಯಗಳನ್ನು ದಿನಕ್ಕೊಂದರಂತೆ ವಾಚಿಸುವುದು ರೂಢಿ. ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ ಬರುವ ಐದು ಅತಿಚಾರಗಳ ನಿರೂಪಣೆಯಿದೆ. ಕಟ್ಟಿಹಾಕುವುದು, ಹೊಡೆಯುವುದು, ಅಂಗಗಳನ್ನು ಛೇದಿಸುವುದು, ಮಿತಿಮೀರಿ ಹೊರೆ ಹೊರಿಸುವುದು, ಅನ್ನಪಾನಗಳನ್ನು ತಡೆಯುವುದು ಇವೇ ಆ ಐದು. ಕೊನೆಯದನ್ನು ವಿವರಿಸುವಾಗ ಪೂಜ್ಯಪಾದಾಚಾರ್ಯರು ತಮ್ಮ ಸರ್ವಾರ್ಥಸಿದ್ಧಿಯಲ್ಲಿ ಗೋವು ಮೊದಲಾದವುಗಳನ್ನೇ ಹೆಸರಿಸಿದ್ದಾರೆ. ವರ್ಷವರ್ಷವೂ ಕೇಳಿದ ಮಾತುಗಳು ಅಂದು ಆ ಶ್ರಾವಿಕೆಗೆ ತಮ್ಮ ಹಟ್ಟಿಯನ್ನೇ ಕುರಿತು ಹೇಳಿದಂತೆ ಕೇಳಿಸಿದವು.

ಮನೆಗೆ ಬಂದು ಅವರು ಒಂದೊಂದನ್ನೇ ಪರಿಶೀಲಿಸಿದರು. ಹಸುವಿನ ಹಗ್ಗ ಎರಡು ಮೊಳ. ಅದಕ್ಕೆ ತಿರುಗಿ ಮಲಗಲು ಸ್ಥಳವಿರಲಿಲ್ಲ. ಕರೆಯುವಾಗ ಒದೆಯಿತೆಂದು ಸೊಸೆ ಒಮ್ಮೆ ಕೋಲೆತ್ತಿದ್ದಳು. ಕೆಚ್ಚಲು ಬಾವಿನ ನೋವಿನಿಂದ ಅದು ಒದೆದದ್ದೆಂದು ಬಳಿಕ ಪಶುವೈದ್ಯರಿಂದ ತಿಳಿಯಿತು. ಈದು ಮೂರು ತಿಂಗಳಾಗುವ ಮೊದಲೇ ಮತ್ತೆ ಗಬ್ಬ ಕಟ್ಟಿಸುವ ಆತುರವಿತ್ತು. ಒಂಬತ್ತು ತಿಂಗಳಿಗೂ ಮಿಕ್ಕಿದ ಗರ್ಭವನ್ನೂ ತುಂಬಿದ ಕೆಚ್ಚಲನ್ನೂ ಒಟ್ಟಿಗೆ ಹೊರಿಸುವುದು ಹೊರೆಯಲ್ಲವೇ? ಇನ್ನು ಕರುವಿನ ಪಾಲು. ಹುಟ್ಟಿದ ಕೆಲವು ಗಂಟೆಗಳೊಳಗೆ ಗಿಣ್ಣುಹಾಲು ಹೊಟ್ಟೆಗೆ ಹೋಗದಿದ್ದರೆ ಕರುವಿಗೆ ರೋಗವನ್ನು ತಡೆಯುವ ಶಕ್ತಿ ಬರುವುದಿಲ್ಲ. ಹಸು ಈದ ಹತ್ತು ದಿನ ಅದರ ಹಾಲನ್ನು ಬಳಸಬಾರದೆಂಬ ಸೂತಕದ ವಿಧಿಯನ್ನು ಹಿರಿಯರು ಹಾಕಿಕೊಟ್ಟಿದ್ದಾರೆ. ಅದನ್ನು ಆ ಮನೆಯವರು ಪಾಲಿಸಿದ್ದರು. ಹನ್ನೊಂದನೆಯ ದಿನದಿಂದ ಕರುವಿಗೆ ಉಳಿದದ್ದು ಮಾತ್ರ ಬರಿದಾದ ಮೊಲೆ.

2021ರ ಆರಂಭದಲ್ಲಿ ಹಸು ಮತ್ತೊಂದು ಗಂಡುಕರು ಹಾಕಿತು. ಜಾನುವಾರು ಹತ್ಯೆಯನ್ನು ತಡೆಯುವ ರಾಜ್ಯದ ಹೊಸ ಕಾಯಿದೆ ಆ ಜನವರಿಯಲ್ಲಷ್ಟೇ ಜಾರಿಗೆ ಬಂದಿತ್ತು. ಕೊಳ್ಳಲು ಯಾರೂ ಬರಲಿಲ್ಲ. ಕತ್ತಲಲ್ಲಿ ಪೇಟೆಯ ಬದಿಗೆ ಬಿಟ್ಟುಬರುವ ದಾರಿಯೊಂದಿತ್ತು. ಹಾಗೆ ಬಿಟ್ಟವರೂ ಇದ್ದರು. ಕಾಯಿದೆ ಕತ್ತಿಯನ್ನು ತಡೆಯಬಹುದು, ಮೇವನ್ನು ತಂದು ಹಾಕಲಾರದು.

"ಅಮ್ಮಾ, ಕೆಲಸವಿಲ್ಲದ ಹೋರಿಗೆ ಹದಿನೈದು ಇಪ್ಪತ್ತು ವರ್ಷ ಮೇವನ್ನು ಎಲ್ಲಿಂದ ತರಲಿ?" ಎಂದು ಮಗನು ಕೇಳಿದನು.

"ಹಾಲು ಕುಡಿಯುವಾಗ ನಾವು ಈ ಲೆಕ್ಕ ಕೇಳಿದ್ದೆವೇ ಮಗಾ?" ಎಂದರು ತಾಯಿ.

ಮಗನ ಪ್ರಶ್ನೆ ಅನ್ಯಾಯದ್ದಾಗಿರಲಿಲ್ಲ. ಒಂದು ದನಕ್ಕೆ ದಿನವೊಂದಕ್ಕೆ ಅದರ ತೂಕದ ನೂರಕ್ಕೆ ಎರಡೂವರೆಯಿಂದ ಮೂರು ಪಾಲಿನಷ್ಟು ಮೇವು, ಒಣಗಿದ ತೂಕದ ಲೆಕ್ಕದಲ್ಲಿ, ಬೇಕು. 300 ಕಿಲೋ ತೂಗುವ ಹಸುವಿಗೆ ಎಂಟು ಕಿಲೋ ಆಯಿತು. ಬೈಲುಗದ್ದೆಗಳು ಅಡಿಕೆ ತೋಟಗಳಾಗಿ, ಉಳಿದ ಗದ್ದೆಗಳಿಗೆ ಕೊಯ್ಲಿನ ಯಂತ್ರ ಇಳಿದ ಮೇಲೆ ಬೈಹುಲ್ಲು ದುರ್ಲಭವಾಗಿದೆ. ಹಿಂಡಿಗೆ ಅಂಗಡಿಯೇ ಗತಿ. ಮನೆಯಲ್ಲಿ ದುಡಿಯುವ ಕೈಗಳೂ ಕಡಿಮೆ. ಕರುಣೆಯೊಂದರಿಂದಲೇ ಹಟ್ಟಿ ನಡೆಯುವುದಿಲ್ಲ.

ಆದರೂ ಕರು ಉಳಿಯಿತು. ಅದು ಬೆಳೆದಂತೆ ಇನ್ನೊಂದು ತೊಡಕು ಬಂದಿತು. ಹಾಯುವ ಹೋರಿಯನ್ನು ಮಕ್ಕಳಿರುವ ಅಂಗಳದಲ್ಲಿ ಸಾಕುವಂತಿಲ್ಲ. ಬೀಜ ಒಡೆಸಬೇಕೆಂದು ಪಶುವೈದ್ಯರು ಹೇಳಿದರು. ಛೇದವೆಂಬ ಅತಿಚಾರವನ್ನು ನೆನೆದು ಆ ತಾಯಿ ಬಹಳ ದಿನ ಒಪ್ಪಲಿಲ್ಲ. ಕೊನೆಗೆ ಒಪ್ಪಿದರು, ಅಂದು ಏಕಾಶನ ಮಾಡಿ, ತಮ್ಮಿಂದಾದುದು ದೋಷವೆಂದೇ ಆಲೋಚನಾಪಾಠದಲ್ಲಿ ಹೇಳಿಕೊಂಡರು. ಗೃಹಸ್ಥನಿಗೆ ದೋಷವಿಲ್ಲದ ದಾರಿ ಸದಾ ದೊರೆಯುವುದಿಲ್ಲ. ದೊರೆಯದಿದ್ದಾಗ ದೋಷವನ್ನು ದೋಷವೆಂದು ಕರೆಯುವ ಪ್ರಾಮಾಣಿಕತೆಯಾದರೂ ಉಳಿಯಬೇಕು. ಉಳುಮೆಗೆಂದು ಹೇಳಿದವನ ಮಾತನ್ನು ನಂಬಿದಂತೆ ನಟಿಸಿದ ದಿನ ಆ ಮನೆಯಲ್ಲಿ ಇಲ್ಲದಿದ್ದುದು ಅದೇ.

ಪರಿಗ್ರಹ ಪರಿಮಾಣ ವ್ರತದಲ್ಲಿ ಬರುವ 'ಧನ' ಎಂಬ ಪದಕ್ಕೆ ಪೂಜ್ಯಪಾದರು ಗೋವು ಮೊದಲಾದವು ಎಂದೇ ಅರ್ಥ ಹೇಳಿದ್ದಾರೆ. ಈ ವ್ರತವನ್ನು ಚಿನ್ನ, ಹೊಲ, ಮನೆಗಳಿಗೆ ಅನ್ವಯಿಸುವವರು ಹಟ್ಟಿಯನ್ನು ಮರೆಯುವುದುಂಟು. ಆ ಕುಟುಂಬದವರು ತಮ್ಮ ಹಟ್ಟಿಗೆ ನಾಲ್ಕು ಎಂದು ಮಿತಿ ಹಾಕಿಕೊಂಡರು. ಮುದಿ ಹಸು, ಅದರ ಮೊದಲ ಮಗಳು, ಎತ್ತು, ಮಗಳು ಹಾಕಿದ ಒಂದು ಹೆಣ್ಣುಕರು, ಇಷ್ಟೇ. ಹೆಣ್ಣುಕರುವನ್ನೇ ಪಡೆಯಲು ನೆರವಾಗುವ ಲಿಂಗವಿಂಗಡಿತ ವೀರ್ಯ ಈಗ ದೊರೆಯುತ್ತದೆ. ಹತ್ತರಲ್ಲಿ ಸುಮಾರು ಒಂಬತ್ತು ಹೆಣ್ಣು ಹುಟ್ಟುವ ಸಂಭವವಿದೆ. ಅದು ಗಂಡುಕರುವಿನ ಸಂಕಟವನ್ನು ಕಡಿಮೆ ಮಾಡೀತು, ಆದರೆ ಹಾಲು ಬತ್ತಿದ ಮೇಲಿನ ವರ್ಷಗಳನ್ನು ಕಡಿಮೆ ಮಾಡದು. ಆದುದರಿಂದ ಅವರು ಹಸುವನ್ನು ವರ್ಷವರ್ಷವೂ ಗಬ್ಬ ಕಟ್ಟಿಸುವುದಿಲ್ಲ. ಎರಡು ಮೊಲೆ ಮನೆಗೆ, ಎರಡು ಕರುವಿಗೆ. ತಮ್ಮಲ್ಲಿ ಕರಾವು ಇಲ್ಲದಾಗ ನೆರೆಯ ಶ್ರಾವಕರ ಮನೆಯಿಂದ ಹಾಲು ಬರುತ್ತದೆ. ಅವರಲ್ಲಿ ಇಲ್ಲದಾಗ ಇಲ್ಲಿಂದ ಹೋಗುತ್ತದೆ. ಎರಡು ಮನೆಯಲ್ಲೂ ಇಲ್ಲದ ತಿಂಗಳುಗಳಲ್ಲಿ ಆ ತಾಯಿ ಹಾಲಿಲ್ಲದೆ ಇರುತ್ತಾರೆ.

ಹಸುವನ್ನು ಸಾಕದೆ ಹಾಲನ್ನು ಮಾತ್ರ ಕೊಳ್ಳುವವರು ಈ ಲೆಕ್ಕದಿಂದ ಹೊರಗಿಲ್ಲ. ಅವರ ಪಾಲಿನ ಗಂಡುಕರು ಬೇರೆ ಯಾರದೋ ಹಟ್ಟಿಯಲ್ಲಿ ಹುಟ್ಟಿರುತ್ತದೆ. ಕ್ಷೀರಾಭಿಷೇಕದ ಸೇವೆಗೆ ಕಾಣಿಕೆ ಪಡೆಯುವ ಬಸದಿಗಳ ಟ್ರಸ್ಟುಗಳು ಅದರಲ್ಲೊಂದು ಪಾಲನ್ನು ಊರಿನ ಮುದಿ ಹಸುಗಳ, ಗಂಡುಕರುಗಳ ಬೈಹುಲ್ಲಿಗೆಂದು ತೆಗೆದಿರಿಸಿದರೆ ಆ ಹಾಲು ಇನ್ನಷ್ಟು ಶುದ್ಧವಾದೀತು.

ಹಸುವನ್ನು ತರಬಯಸುವ ಗೃಹಸ್ಥನು ಅದು ಎಷ್ಟು ಲೀಟರು ಕೊಡುವುದೆಂದು ಕೇಳುತ್ತಾನೆ. ಅದು ಹಾಲು ಕೊಡದ ವರ್ಷಗಳೆಷ್ಟು, ಗಂಡುಕರುವಿಗೆ ಹಟ್ಟಿಯಲ್ಲಿ ಸ್ಥಳವಿದೆಯೇ ಎಂಬ ಎರಡು ಪ್ರಶ್ನೆಗಳನ್ನು ಹಗ್ಗ ಹಿಡಿಯುವ ಮೊದಲೇ ಕೇಳಿಕೊಳ್ಳುವುದು ಲೇಸು. ಕಾರ್ಕಳದ ಆ ಮನೆಯವರು ಕೇಳಿಕೊಂಡುದು ತಡವಾಗಿ. 2019ರಲ್ಲಿ ಹೋದ ಕರುವಿಗೆ ಅದರಿಂದ ಪ್ರಯೋಜನವಾಗಲಿಲ್ಲವೆಂಬುದನ್ನು ಆ ತಾಯಿ ಇಂದಿಗೂ ಮರೆತಿಲ್ಲ.