ಎತ್ತರ, ಯಾವುದರಿಂದ?

ಕಿರುಪರೀಕ್ಷೆಯಲ್ಲಿ ‘ಎತ್ತರ 60 ಮೀಟರ್’ ಎಂದಷ್ಟೇ ಬರೆದಿದ್ದೆ. ಭೌತಶಾಸ್ತ್ರದ ಮೇಡಂ ‘ಯಾವುದರಿಂದ?’ ಎಂದು ಕೆಂಪು ಶಾಯಿಯಲ್ಲಿ ಬರೆದು ಅರ್ಧ ಅಂಕ ಕಳೆದರು. ನನಗೆ ಸಿಟ್ಟು ಬಂದಿತ್ತು.

ದಸರಾ ರಜೆಯಲ್ಲಿ ಮಾಮು ಸಂಡೂರಿಗೆ ಕರೆದೊಯ್ದರು. ಅವರದು ಗಣಿಗಳ ಡ್ರೋನ್ ಸರ್ವೆ ಕೆಲಸ. 2021ರ ತಿದ್ದುಪಡಿ ನಿಯಮದಂತೆ 50 ಹೆಕ್ಟೇರ್ ಮತ್ತು ಅದಕ್ಕಿಂತ ದೊಡ್ಡ ಗಣಿ ಗುತ್ತಿಗೆಗಳಿಗೆ ಪ್ರತಿ ವರ್ಷ ಈ ಸರ್ವೆ ಕಡ್ಡಾಯ.

ಮೊದಲು ಪರೀಕ್ಷೆಗೆಂದು ಕಣಿವೆಯಿಂದ ಹಾರಿಸಿದರು. ಡ್ರೋನ್ ಗುಡ್ಡದತ್ತ ಹೊರಟಿತು. ಪರದೆಯಲ್ಲಿ ಅಂಕಿ 60ರಲ್ಲೇ ನಿಂತಿತ್ತು.

“ಎತ್ತರ ಸರಿಯಿದೆ ಮಾಮು, ಇನ್ನೂ ಮುಂದೆ ಹೋಗಲಿ” ಅಂದೆ.

ಅವರು ತಟ್ಟನೆ ನಿಲ್ಲಿಸಿದರು. ಕ್ಯಾಮೆರಾದಲ್ಲಿ ಆಕಾಶವೇ ಇಲ್ಲ, ಬರೀ ಕೆಂಪು ಮಣ್ಣು, ಕುರುಚಲು ಗಿಡ! ಡ್ರೋನ್ ಮಾಲೀಕರದು. ಬಡಿದಿದ್ದರೆ ಮಾಮುವಿನ ಕೆಲಸಕ್ಕೇ ಕುತ್ತು.

ಆಮೇಲೆ ಅವರು ವಿವರಿಸಿದರು. ಡ್ರೋನ್‌ನೊಳಗಿನ ಬ್ಯಾರೋಮೀಟರ್ ಗಾಳಿಯ ಒತ್ತಡ ಅಳೆಯುತ್ತದೆ. ಸುಮಾರು 9 ಮೀಟರ್ ಏರಿದರೆ ಒತ್ತಡ 1 ಹೆಕ್ಟೋಪ್ಯಾಸ್ಕಲ್ ಇಳಿಯುತ್ತದೆ. ಹೊರಟ ಜಾಗವೇ ಅದಕ್ಕೆ ಸೊನ್ನೆ. ಕೆಳಗಿನ ನೆಲ ಏರಿದ್ದು ಅದಕ್ಕೆ ತಿಳಿಯದು. ಕಂಪ್ಲಿಯ ಸಮತಟ್ಟು ಗದ್ದೆಗಳ ಮೇಲೆ ಈ ಲೆಕ್ಕ ಸಾಕು. ಹಂಪಿಯ ಬಂಡೆಗುಡ್ಡ, ಸಂಡೂರಿನ ಬೆಟ್ಟಸಾಲಿನಂಥ ನೆಲಕ್ಕೆ ಸಾಲದು. ಅಲ್ಲಿ ಲೇಸರ್ ಅಥವಾ ರಾಡಾರ್ ಕಿರಣ ನೆಲಕ್ಕೆ ತಗುಲಿ ಮರಳುವ ಸಮಯದಿಂದ ಎತ್ತರ ಅಳೆಯಬೇಕು. ಇಲ್ಲವೇ ನೆಲದ ಏರಿಳಿತದ ನಕ್ಷೆಯನ್ನು ಮೊದಲೇ ತುಂಬಬೇಕು.

ಮಾಮು ನಕ್ಷೆ ತುಂಬಿ ಮತ್ತೆ ಹಾರಿಸಿದರು. ಈ ಸಲ ಅಂಕಿ 60, 90, 140 ಎಂದು ಗುಡ್ಡದ ಜೊತೆಗೇ ಏರಿತು. ಡ್ರೋನ್‌ಗೂ ನೆಲಕ್ಕೂ ನಡುವಿನ ಅಂತರ ಮಾತ್ರ 60 ಮೀಟರೇ.

ಹೊಸಪೇಟೆಗೆ ಮರಳುವಾಗ ಬಸ್ಸಿನಲ್ಲಿ ಆ ಅರ್ಧ ಅಂಕ ನೆನಪಾಯಿತು. ಸಿಟ್ಟು ಉಳಿದಿರಲಿಲ್ಲ.