1-1 ಮೊದಲೋ, 11 ಮೊದಲೋ?

ಬೆಂಗಳೂರಿನ ಕುಮಾರಸ್ವಾಮಿ ಲೇಔಟಿನಲ್ಲಿ ಮನೆ ಹುಡುಕುವವರಿಗೆ ಹಂತ, ಮೇನ್, ಕ್ರಾಸ್ ಗೊತ್ತಿದ್ದರೆ ಸಾಲದು, ಮನೆ ನಂಬರಿನ ನಡುವಿನ ಅಡ್ಡಗೆರೆಯೂ ಗೊತ್ತಿರಬೇಕು. 1-1 ಬೇರೆ, 11 ಬೇರೆ. ಈ ಪುಟ್ಟ ಗೆರೆಯೇ ಎಷ್ಟೋ ಡೇಟಾಬೇಸುಗಳ ದಾರಿ ತಪ್ಪಿಸಿದೆ.

ರಾತ್ರಿ ಊಟ ಮುಗಿಸಿ ಲ್ಯಾಪ್‌ಟಾಪ್ ತೆರೆದು ಸರ್ವರ್ ಅಪ್‌ಗ್ರೇಡ್ ಮಾಡುವ ಡಿಬಿಎಗಳಿಗೆ, ಅಂದರೆ ಡೇಟಾಬೇಸ್ ನೋಡಿಕೊಳ್ಳುವವರಿಗೆ, ಈ ಕಥೆ ಚೆನ್ನಾಗಿ ಗೊತ್ತು. ಅಪ್‌ಗ್ರೇಡ್ ಸಲೀಸಾಗಿ ಮುಗಿದಿರುತ್ತದೆ. ಆಮೇಲೆ ದೂರುಗಳು ಶುರು: ನಿನ್ನೆ ಇದ್ದ ಗ್ರಾಹಕರು ಇವತ್ತು ಸಿಗುತ್ತಿಲ್ಲ, ಒಂದೇ ಸಲ ಇರಬೇಕಾದ ವಿಳಾಸ ಎರಡು ಸಲ ಇದೆ. ಸಾಲುಗಳನ್ನು ಬೇಗ ಹುಡುಕಿಕೊಡುವ ಕ್ರಮಬದ್ಧ ಪಟ್ಟಿಯಾದ ಇಂಡೆಕ್ಸನ್ನು ಹೊಸದಾಗಿ ಕಟ್ಟಿದರೆ ಸರಿಹೋಗುತ್ತದೆ, ಕೆಲವು ದಿನ ಬಿಟ್ಟು ಮತ್ತೆ ಅದೇ ಕಾಟ. ಡಿಸ್ಕ್ ಕೆಟ್ಟಿದೆ ಎಂದು ಒಬ್ಬರು, ಮೆಮೊರಿ ಕೈಕೊಟ್ಟಿದೆ ಎಂದು ಇನ್ನೊಬ್ಬರು. ಈ ಕೆಲಸವನ್ನು ಪ್ರೀತಿಸುವವರಿಗೆ ರುಚಿ ಹತ್ತುವುದು ಇಲ್ಲೇ.

ಮೊದಲ ಪರೀಕ್ಷೆ ಸರಳ, ಸೊಗಸು. ಕಾಣೆಯಾದ ಸಾಲನ್ನು ಇಂಡೆಕ್ಸ್ ಮೂಲಕ ಕೇಳುತ್ತಾರೆ: ಉತ್ತರ ಸೊನ್ನೆ. ಇಂಡೆಕ್ಸ್ ಮುಟ್ಟದೆ ಇಡೀ ಟೇಬಲ್ ಓದು ಎಂದು ಹೇಳಿ ಅದನ್ನೇ ಕೇಳುತ್ತಾರೆ: ಸಾಲು ಎದುರಿಗೆ ಬಂದು ನಿಲ್ಲುತ್ತದೆ. ಯಾರ ಮಾಹಿತಿಯೂ ಅಳಿದಿಲ್ಲ, ಅಲ್ಲಿಗೆ ಹೋಗುವ ದಾರಿಯಷ್ಟೇ ಕೆಟ್ಟಿದೆ. ಇದಕ್ಕಿಂತ ನೆಮ್ಮದಿಯ ಗಳಿಗೆ ಈ ವೃತ್ತಿಯಲ್ಲಿ ಇನ್ನೊಂದಿಲ್ಲ.

ದಾರಿ ಕೆಟ್ಟದ್ದು ಹೇಗೆ? ಲಿನಕ್ಸಿನ ಮೂಲ ಲೈಬ್ರರಿಯಾದ ಜಿಲಿಬ್‌ಸಿ, ಯಾವ ಪದ ಮೊದಲು ಯಾವುದು ಆಮೇಲೆ ಎಂಬ ನಿಯಮಗಳನ್ನೂ ಇಟ್ಟುಕೊಂಡಿರುತ್ತದೆ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಸಾಮಾನ್ಯವಾಗಿ ಅದನ್ನೇ ಕೇಳಿ ಇಂಡೆಕ್ಸ್ ಕಟ್ಟುತ್ತದೆ. 2018ರ ಆಗಸ್ಟಿನಲ್ಲಿ ಬಂದ 2.28ನೇ ಆವೃತ್ತಿಯಲ್ಲಿ ಆ ನಿಯಮಗಳು ದೊಡ್ಡ ಮಟ್ಟದಲ್ಲಿ ಬದಲಾದವು. ಡೆಬಿಯನ್ 10ಕ್ಕೋ ರೆಡ್‌ಹ್ಯಾಟ್ 8ಕ್ಕೋ ಏರಿದವರ ಜತೆ ಈ ಬದಲಾವಣೆಯೂ ಸದ್ದಿಲ್ಲದೆ ಬಂತು. ಅಮೆರಿಕನ್ ಇಂಗ್ಲಿಷ್ ಲೊಕೇಲಿನಲ್ಲಿ, ಅಂದರೆ ಆ ಭಾಷೆಯ ನಿಯಮಗಳಡಿ, 1-1 ಮತ್ತು 11 ಎಂಬ ಎರಡೇ ಸಾಲು ಕೊಟ್ಟು ಸಾರ್ಟ್ ಮಾಡಿಸಿದರೆ ಗುಟ್ಟು ರಟ್ಟಾಗುತ್ತದೆ: ಹಳೆಯ ಯಂತ್ರ ಅಡ್ಡಗೆರೆಯನ್ನು ಲೆಕ್ಕಕ್ಕೆ ಹಿಡಿಯದೆ 11ನ್ನು ಮೊದಲಿಡುತ್ತದೆ, ಹೊಸದು 1-1ನ್ನು. ಡಿಸ್ಕಿನ ಮೇಲೆ ಹಳೆಯ ಕ್ರಮದ ಇಂಡೆಕ್ಸ್, ಹುಡುಕುವುದು ಹೊಸ ಕ್ರಮದಲ್ಲಿ. ಸಿಗುವುದಾದರೂ ಹೇಗೆ?

ಈ ಕಾಟ ಮತ್ತೆ ಮತ್ತೆ ಮರುಕಳಿಸುವುದಕ್ಕೆ ಕಾರಣ ಎಷ್ಟೋ ಸಲ ಪಕ್ಕದ ಯಂತ್ರದಲ್ಲಿರುತ್ತದೆ. ಸ್ಟ್ಯಾಂಡ್‌ಬೈ ಸರ್ವರ್ ಮುಖ್ಯ ಸರ್ವರಿನ ಇಂಡೆಕ್ಸನ್ನು ಬೈಟಿಗೆ ಬೈಟ್ ನಕಲು ಮಾಡಿಕೊಳ್ಳುತ್ತದೆ. ಒಂದರಲ್ಲಿ ಹಳೆಯ ಲಿನಕ್ಸ್, ಇನ್ನೊಂದರಲ್ಲಿ ಹೊಸದು ಇದ್ದರೆ, ಇಲ್ಲಿ ಸರಿಯಾದದ್ದು ಅಲ್ಲಿ ತಪ್ಪು. ಎರಡನ್ನೂ ಒಂದೇ ಆವೃತ್ತಿಗೆ ತರುವ ತನಕ ಎಷ್ಟು ರೀಇಂಡೆಕ್ಸ್ ಮಾಡಿದರೂ ಪ್ರಯೋಜನವಿಲ್ಲ.

ತಾಳ್ಮೆ ಬೇಡುವ ಕೆಲಸವೆಂದರೆ ಡೂಪ್ಲಿಕೇಟುಗಳದ್ದು. ಒಂದೇ ಕೀ ಎರಡು ಸಲ ಬರದಂತೆ ಕಾಯಬೇಕಾದ ಯುನೀಕ್ ಇಂಡೆಕ್ಸ್, ಇದ್ದ ಸಾಲು ಕಾಣದೆ ಎರಡನೆಯದನ್ನೂ ಒಳಗೆ ಬಿಟ್ಟಿರುತ್ತದೆ. ಹೊಸದಾಗಿ ಕಟ್ಟಲು ಹೋದಾಗ, ಕೀ ಎರಡು ಸಲ ಇದೆ ಎಂದು ಪೋಸ್ಟ್‌ಗ್ರೆಸ್ ಹಟ ಹಿಡಿಯುತ್ತದೆ. ಯಾವ ಸಾಲಿಗೆ ಬಿಲ್ಲುಗಳು ಅಂಟಿಕೊಂಡಿವೆ, ಯಾವುದು ಆಮೇಲೆ ಬಂದದ್ದು ಎಂದು ಒಂದೊಂದಾಗಿ ಬಿಡಿಸಬೇಕು. ಯಂತ್ರಕ್ಕೆ ಒಪ್ಪಿಸಬಾರದ ಕೆಲಸವಿದು.

ಎಲ್ಲ ತಪ್ಪನ್ನೂ ಜಿಲಿಬ್‌ಸಿ ತಲೆಗೆ ಕಟ್ಟುವಂತಿಲ್ಲ. ಪೋಸ್ಟ್‌ಗ್ರೆಸ್ 14ರ ಮೊದಲ ಬಿಡುಗಡೆಗಳಲ್ಲಿ, ಕೆಲಸ ನಿಲ್ಲಿಸದೆ ಇಂಡೆಕ್ಸ್ ಕಟ್ಟುವ ಕಾನ್‌ಕರೆಂಟ್ಲಿ ಆಜ್ಞೆಯೇ ಇಂಡೆಕ್ಸನ್ನು ಕೆಡಿಸಬಹುದಿತ್ತು. 2022ರ ಜೂನಿನಲ್ಲಿ 14.4 ಬಂದು ಸರಿಯಾಯಿತು. ಅದಕ್ಕೇ ಊಹೆಗೆ ಬೀಳದೆ, 10ನೇ ಆವೃತ್ತಿಯಿಂದ ಜತೆಗೇ ಬರುವ ಆಮ್‌ಚೆಕ್ ಓಡಿಸಿ ಇಂಡೆಕ್ಸುಗಳನ್ನು ತಪಾಸಣೆ ಮಾಡುವುದು ಒಳ್ಳೆಯದು.

ಕನ್ನಡದ ಹೆಸರುಗಳಿದ್ದಲ್ಲಿ ಇನ್ನೊಂದು ಸ್ವಾರಸ್ಯವಿದೆ. ನಮ್ಮ ವರ್ಣಮಾಲೆಯಲ್ಲಿ ‘ಳ’ ಬರುವುದು ‘ಹ’ ಆದ ಮೇಲೆ. ಯೂನಿಕೋಡ್ ಸಂಖ್ಯೆಗಳಲ್ಲಿ ಅದು ‘ಲ’ದ ಪಕ್ಕದಲ್ಲೇ ಕೂತಿದೆ. ಅಕಾರಾದಿಯಲ್ಲಿ ಬಸವನಗುಡಿ ಮೊದಲು, ಬಳೇಪೇಟೆ ಆಮೇಲೆ. ಬರೀ ಸಂಖ್ಯೆ ನೋಡುವ ‘ಸಿ’ ಕ್ರಮದಲ್ಲಿ ಬಳೇಪೇಟೆಯೇ ಮುಂದು. ಆದರೂ ಇಂಡೆಕ್ಸಿಗೆ ಈ ‘ಸಿ’ ಕ್ರಮವೇ ಕ್ಷೇಮ, ಲಿನಕ್ಸ್ ಬದಲಾದರೂ ಅದು ಕದಲುವುದಿಲ್ಲ. ಪಟ್ಟಿ ತೋರಿಸುವಾಗ ಮಾತ್ರ ಕನ್ನಡದ ಕ್ರಮವನ್ನು ಕೇಳಿ ಪಡೆದರಾಯಿತು. ಮುಂದೆ ಆ ನಿಯಮ ಬದಲಾದರೆ ಪಟ್ಟಿಯಲ್ಲಿ ಹೆಸರು ಮೇಲೆ ಕೆಳಗೆ ಆದೀತು, ಕಾಣೆಯಾಗುವುದಿಲ್ಲ.